ಕೆಂಪು ಧೂಳಿನಡಿ ಅಡಗಿದ್ದ 904ಎಲ್: ಗಿಣಿಗೇರಿ ಕಡೆಯ ಒಂದು ಆ್ಯಸಿಡ್ ಪೈಪಿನ ಪ್ರಕರಣ

ಜನವರಿ ತಿಂಗಳು, ಕೊಪ್ಪಳದ ಗವಿಮಠದ ಜಾತ್ರೆ ಮುಗಿದು ವಾರವಾಗಿತ್ತು. ಗಿಣಿಗೇರಿ ಕಡೆಯ ಒಂದು ಕಾರ್ಖಾನೆಯಿಂದ ಸಂಜೆ ಹೊತ್ತಿಗೆ ಫೋನ್ ಬಂತು. ಪಿಕ್ಲಿಂಗ್ (ಉಕ್ಕನ್ನು ಆ್ಯಸಿಡ್ಡಿನಲ್ಲಿ ತೊಳೆಯುವ) ವಿಭಾಗದಲ್ಲಿ ಆ್ಯಸಿಡ್ ತಿರುಗಿಸುವ ಪಂಪಿನ ಮುಂದಿನ ಬೆಂಡು ತೂತು ಬಿದ್ದಿದೆ, ರಾತ್ರಿಯೇ ಬದಲಿಸಿಕೊಡಿ ಅಂತ. ಯಾವ ಮಟೀರಿಯಲ್ ಅಂತ ಕೇಳಿದೆ. "ಎಸ್ಎಸ್ ರೀ, 316ಎಲ್ ಇರಬೇಕು" ಅಂದರು ಮೇಂಟೆನೆನ್ಸ್ ಸಾಹೇಬರು. ಎಸ್ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್, 316ಎಲ್ ಅದರಲ್ಲೊಂದು ಜಾತಿ. ಆ 'ಇರಬೇಕು' ಅನ್ನುವ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮ್ಯಾಗ್ನೆಟ್ ಇಟ್ಟು ನೋಡಿದೆವು; ಪೈಪಿಗೂ ಹಿಡಿಯಲಿಲ್ಲ, ಸ್ಟೋರಿನಿಂದ ಕೊಟ್ಟ ಹೊಸ ಬೆಂಡಿಗೂ ಹಿಡಿಯಲಿಲ್ಲ. 316ಎಲ್ ವೈರಿನಲ್ಲಿ (ಬೆಸುಗೆಗೆ ಕರಗಿಸಿ ತುಂಬುವ ಕಡ್ಡಿ) ಎರಡು ಜಾಯಿಂಟ್ ಆರ್ಗಾನ್ ಬೆಸುಗೆ (ಟಿಗ್) ಹೊಡೆದು, ನೀರು ತುಂಬಿ ಪ್ರೆಶರ್ ನೋಡಿ, ಬೆಳಗಿನ ಜಾವ ಮನೆಗೆ ಬಂದೆವು.

ಏಪ್ರಿಲ್ ಕೊನೆಗೆ ಅದೇ ನಂಬರಿನಿಂದ ಫೋನ್. ಎರಡೂ ಜಾಯಿಂಟ್ ಸೋರುತ್ತಿವೆ.

ಈ ಪ್ರಕರಣ ಬರೆಯುತ್ತಿರುವುದು ಆ ಎರಡು ಜಾಯಿಂಟ್ ಯಾಕೆ ಹೋದವು, ಮೇ ತಿಂಗಳಲ್ಲಿ ಅದನ್ನೇ ಮತ್ತೆ ಹೇಗೆ ಮಾಡಿದೆವು ಅನ್ನುವುದಕ್ಕೆ. ತಪ್ಪು ನಮ್ಮ ವರ್ಕ್‌ಶಾಪಿನದ್ದು. ಕಾರ್ಖಾನೆಯವರು ಮಟೀರಿಯಲ್ ತಪ್ಪು ಹೇಳಿದ್ದು ನಿಜ. ಆದರೆ ರಾಡ್ ಆರಿಸಿದ್ದು ನಾನು.

ಕೊಯ್ದ ಪೈಪು ಏನು ಹೇಳಿತು

ಬೆಂಡನ್ನು ಕೊಯ್ದು ತಂದು ಉದ್ದಕ್ಕೆ ಸೀಳಿ ನೋಡಿದೆವು. ಒಳಗೆ ಪೈಪಿನ ಗೋಡೆ ನಿನ್ನೆ ತಂದದ್ದರ ಹಾಗೆ ಇತ್ತು. ಬೆಸುಗೆಯ ಪಟ್ಟಿ ಮಾತ್ರ ಇರುವೆ ತಿಂದ ಬೆಲ್ಲದಚ್ಚಿನಂತೆ ಒಳಕ್ಕೆ ಕುಸಿದು ಸಣ್ಣ ಕಾಲುವೆಯಾಗಿತ್ತು. ಉಗುರು ಎಳೆದರೆ ಎರಡೂ ಅಂಚಿಗೆ ತಡೆಯುತ್ತಿತ್ತು. ಒಂದು ಜಾಯಿಂಟಿನಲ್ಲಿ, ನಮ್ಮ ವೆಲ್ಡರ್ ಆರ್ಕ್ ನಿಲ್ಲಿಸಿದ ಜಾಗದಲ್ಲೇ, ಕೋಳಿ ಹೆಜ್ಜೆಯಂಥ ಮೂರು ಕಾಲಿನ ಬಿರುಕು. ಅಂದರೆ ರೋಗ ಒಂದಲ್ಲ, ಎರಡು: ಒಂದು ಆ್ಯಸಿಡ್ ತಿಂದದ್ದು, ಇನ್ನೊಂದು ಹುಟ್ಟುವಾಗಲೇ ಬಂದ ಬಿರುಕು. ಜನವರಿಯ ನೀರಿನ ಟೆಸ್ಟಿನಲ್ಲಿ ಆ ಬಿರುಕು ಆಚೆಗೆ ಇನ್ನೂ ತಲುಪಿರಲಿಲ್ಲ. ಉಳಿದ ದಾರಿಯನ್ನು ಆ್ಯಸಿಡ್ ಕೊರೆದುಕೊಂಡಿತು.

ಪರಿಚಯದ ಲ್ಯಾಬಿನವರ ಹತ್ತಿರ ಪಿಎಂಐ ಗನ್ (ಲೋಹದಲ್ಲಿ ಏನೇನು ಎಷ್ಟಿದೆ ಅಂತ ತೋರಿಸುವ ಯಂತ್ರ) ಇತ್ತು. ಪೈಪಿನ ಮೇಲೆ ಹಿಡಿದಾಗ ಕ್ರೋಮಿಯಂ 19.8, ನಿಕಲ್ 24.3, ಮಾಲಿಬ್ಡಿನಂ 4.3, ತಾಮ್ರ 1.4 ಪ್ರತಿಶತ. 316ಎಲ್ ಎಲ್ಲಿ ಬಂತು? ಅದರಲ್ಲಿ ನಿಕಲ್ 10ರಿಂದ 14, ಮಾಲಿಬ್ಡಿನಂ 2ರಿಂದ 3. ಇದು 904ಎಲ್. ಬೆಂಡಿನ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಕೆಂಪು ಧೂಳಿನ ಅಡಿಯಲ್ಲಿ ಪಂಚ್ ಹೊಡೆದ ಅಕ್ಷರಗಳು, ಸಾಲಿನ ಕೊನೆಗೆ 904ಎಲ್ ಅಂತ ಚೊಕ್ಕವಾಗಿ ಇತ್ತು. ಜನವರಿಯಲ್ಲಿ ಒಂದು ಚಿಂದಿ ಬಟ್ಟೆ ಖರ್ಚು ಮಾಡಿದ್ದರೆ ಸಾಕಿತ್ತು.

904ಎಲ್ ಮೂಲತಃ ತೆಳು ಗಂಧಕಾಮ್ಲಕ್ಕೆ ಅಂತಲೇ ಬಂದ ಉಕ್ಕು. ಅದರೊಳಗಿನ ತಾಮ್ರ ಇರುವುದೇ ಆ ಕಾರಣಕ್ಕೆ. (ರೋಲೆಕ್ಸ್ ಕಂಪನಿ 1985ರಲ್ಲಿ ಗಡಿಯಾರದ ಕವಚಕ್ಕೆ ಬಳಸಲು ಶುರುಮಾಡಿದ್ದೂ ಇದೇ ಜಾತಿಯ ಉಕ್ಕನ್ನು. ಇದನ್ನು ಕೇಳಿದ ಮೇಲೆ ನಮ್ಮ ಹುಡುಗರು ಕಟಿಂಗ್ ಚೂರುಗಳನ್ನು ಎಣಿಸಿ ಇಡತೊಡಗಿದರು.) ಈ ಲೈನಿನಲ್ಲಿ ಓಡುವುದು ಸುಮಾರು 15 ಪ್ರತಿಶತದ ಗಂಧಕಾಮ್ಲ, ಬಿಸಿ 45 ಡಿಗ್ರಿಯ ಆಸುಪಾಸು. ಆ್ಯಸಿಡ್ ತೆಳುಮಾಡುವುದು ಬೋರ್‌ವೆಲ್ ನೀರಿನಲ್ಲಿ. ನಮ್ಮ ಕಡೆಯ ಬೋರ್ ನೀರಿನ ಉಪ್ಪಿನಂಶ ಚಹಾ ಕುಡಿದವರಿಗೇ ಗೊತ್ತು. ಗಂಧಕಾಮ್ಲಕ್ಕೆ ಸ್ವಲ್ಪ ಕ್ಲೋರೈಡ್ ಸೇರಿದರೂ 316ಎಲ್ ತಡೆಯುವ ಮಿತಿ ಬಹಳ ಕೆಳಗಿಳಿಯುತ್ತದೆ.

ಗನ್ನನ್ನು ಬೆಸುಗೆಯ ಮೇಲೆ ಇಟ್ಟಾಗ ಮಾಲಿಬ್ಡಿನಂ 2.8, ನಿಕಲ್ 15.6, ತಾಮ್ರ 0.4 ತೋರಿಸಿತು. ಲೆಕ್ಕ ಸರಿಯಾಗಿ ಕೂಡುತ್ತದೆ. ಟಿಗ್ಗಿನಲ್ಲಿ ಬೆಸುಗೆಯ ಸುಮಾರು ಮೂರನೇ ಒಂದು ಭಾಗ ಪೈಪಿನಿಂದ ಕರಗಿ ಬಂದಿರುತ್ತದೆ, ಉಳಿದದ್ದು ವೈರು. ಎರಡೂ ಬೆರೆತು ಹುಟ್ಟಿದ್ದು ಅದೂ ಅಲ್ಲದ ಇದೂ ಅಲ್ಲದ ಲೋಹ. ಅದರ ಸುತ್ತ ದೊಡ್ಡ ಮೈಯ ಗಟ್ಟಿ 904ಎಲ್, ನಡುವೆ ಕೈಬೆರಳಗಲದ ಬಡವ. ಎರಡೂ ಒಂದೇ ಆ್ಯಸಿಡ್ಡಿನಲ್ಲಿ ನೆನೆದಾಗ ಕಿರಿದಾದದ್ದೇ ಬೇಗ ಸವೆಯುತ್ತದೆ.

ಬಿರುಕಿನ ಮಾತು ಇನ್ನೂ ಸ್ವಾರಸ್ಯ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎಸ್ಎಸ್ ಕೆಲಸ ಮಾಡುವ ನಮ್ಮಲ್ಲಿ ಹೆಚ್ಚಿನವರು ಇಪ್ಪತ್ತು ವರ್ಷ ಕೆಲಸ ಮಾಡಿದರೂ ಇದನ್ನು ಎದುರಿಸಿರುವುದಿಲ್ಲ.

308ಎಲ್, 316ಎಲ್ ವೈರುಗಳನ್ನು ತಯಾರಿಸುವವರು ಬೆಸುಗೆಯಲ್ಲಿ ಒಂದಿಷ್ಟು ಫೆರೈಟ್ (ಉಕ್ಕಿನ ಹರಳಿನ ಒಂದು ರೂಪ) ಉಳಿಯುವ ಹಾಗೆ ಲೆಕ್ಕ ಹಾಕಿರುತ್ತಾರೆ, ಸಾಮಾನ್ಯವಾಗಿ 3ರಿಂದ 10 ಫೆರೈಟ್ ನಂಬರ್. ಲೋಹ ಗಟ್ಟಿಯಾಗುವಾಗ ಗಂಧಕ, ರಂಜಕಗಳನ್ನು ಈ ಫೆರೈಟ್ ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಫೆರೈಟ್ ಇಲ್ಲದಿದ್ದರೆ ಅವು ಹರಳುಗಳ ಸಂದಿಯಲ್ಲಿ ಕೊನೆಯವರೆಗೂ ದ್ರವವಾಗಿ ಉಳಿಯುತ್ತವೆ. ಸುತ್ತಲಿನ ಲೋಹ ಕುಗ್ಗಿ ಎಳೆದಾಗ ಆ ಸಂದಿಯೇ ಬಾಯಿ ಬಿಡುತ್ತದೆ. ಹಾಟ್ ಕ್ರ್ಯಾಕ್ ಅನ್ನುವುದು ಇದನ್ನೇ. ನಾವು 316ಎಲ್‌ನಲ್ಲಿ ಕರೆಂಟ್ ಜಾಸ್ತಿ ಇಟ್ಟರೂ, ಅಗಲಕ್ಕೆ ನೇಯ್ದರೂ, ಕ್ರೇಟರ್ (ಆರ್ಕ್ ನಿಲ್ಲಿಸಿದಲ್ಲಿ ಉಳಿಯುವ ಕುಳಿ) ತುಂಬದೆ ಟಾರ್ಚ್ ಎತ್ತಿದರೂ ಪಾರಾಗುತ್ತಿದ್ದದ್ದು ಆ ಫೆರೈಟಿನ ಕೃಪೆಯಿಂದ.

904ಎಲ್‌ನಲ್ಲಿ ನಿಕಲ್ ಇಪ್ಪತ್ತೈದರ ಹತ್ತಿರ. ಅದು 316ಎಲ್ ವೈರಿನೊಂದಿಗೆ ಬೆರೆತಾಗ ಫೆರೈಟ್ ಪೂರ್ತಿ ಅಳಿಸಿಹೋಗುತ್ತದೆ. ಉಳಿಯುವುದು ಹರಳಿನ ಇನ್ನೊಂದು ರೂಪವಾದ ಆಸ್ಟೆನೈಟ್ ಮಾತ್ರ. ಆದರೆ ಆ ವೈರನ್ನು ಮಾಡಿದವರು 'ಫೆರೈಟ್ ಇರುತ್ತದೆ' ಅನ್ನುವ ಭರವಸೆಯಲ್ಲಿ ಗಂಧಕ, ರಂಜಕಕ್ಕೆ ಸ್ವಲ್ಪ ಸಲಿಗೆ ಕೊಟ್ಟಿರುತ್ತಾರೆ. ಹಾಗಾಗಿ ನಮ್ಮ ಜನವರಿಯ ಬೆಸುಗೆಗೆ ಮಾಲಿಬ್ಡಿನಂ ಬಲವೂ ಇರಲಿಲ್ಲ, ಫೆರೈಟಿನ ಕಾವಲೂ ಇರಲಿಲ್ಲ.

ಯಾವ ವೈರು?

ಮೊದಲ ಆಯ್ಕೆ 385. ಇಆರ್385 ವೈರಿನಲ್ಲಿ ಕ್ರೋಮಿಯಂ 19.5ರಿಂದ 21.5, ನಿಕಲ್ 24ರಿಂದ 26, ಮಾಲಿಬ್ಡಿನಂ 4.2ರಿಂದ 5.2, ತಾಮ್ರ 1.2ರಿಂದ 2. 904ಎಲ್‌ಗೆ ಸರಿಜೋಡಿ, ಮಾಲಿಬ್ಡಿನಂ ಮಾತ್ರ ಒಂದು ಹಿಡಿ ಹೆಚ್ಚು. ಆ ಹಿಡಿ ಸುಮ್ಮನೆ ಹಾಕಿದ್ದಲ್ಲ. ಬೆಸುಗೆ ಗಟ್ಟಿಯಾಗುವಾಗ ಮಾಲಿಬ್ಡಿನಂ ಸಮವಾಗಿ ಹಂಚಿಕೊಳ್ಳುವುದಿಲ್ಲ. ಮೊದಲು ಗಟ್ಟಿಯಾದ ಹರಳಿನ ನಡುಭಾಗದಲ್ಲಿ ಕಡಿಮೆ, ಕೊನೆಗೆ ಗಟ್ಟಿಯಾದ ಸಂದಿಯಲ್ಲಿ ಹೆಚ್ಚು. ಆ್ಯಸಿಡ್ ಬಡ ಜಾಗವನ್ನೇ ಹುಡುಕಿಕೊಂಡು ಹೋಗುತ್ತದೆ. ಇದೇ ಕಾರಣಕ್ಕೆ ಇಂಥ ಉಕ್ಕನ್ನು ವೈರು ಹಾಕದೆ ಬರೀ ಆರ್ಕಿನಲ್ಲಿ ಕರಗಿಸಿ ಕೂಡಿಸಬಾರದು. ಮಾಲಿಬ್ಡಿನಂ 6 ಪ್ರತಿಶತ ಇರುವ 254ಎಸ್ಎಂಒ ತರಹದ ಉಕ್ಕಿಗೆ ಸರಿಜೋಡಿ ವೈರನ್ನೇ ಬಿಟ್ಟು ನೇರವಾಗಿ ನಿಕಲ್ ವೈರಿಗೆ ಹೋಗುವುದೂ ಇದಕ್ಕೇ.

ಎರಡನೆಯದು ಆ ನಿಕಲ್ ವೈರೇ: 625, ಕೋಡಿನ ಭಾಷೆಯಲ್ಲಿ ಇಆರ್ ನಿಕಲ್ ಕ್ರೋಮಿಯಂ ಮಾಲಿ-3. ಮಾಲಿಬ್ಡಿನಂ 8ರಿಂದ 10. ಹಳೆಯ ಕೆಲಸವೊಂದರದ್ದು ನಮ್ಮ ಕಪಾಟಿನಲ್ಲಿ ಎರಡು ಕಿಲೋ ಉಳಿದಿತ್ತು. ಆಸೆ ಆಗಿದ್ದು ಸುಳ್ಳಲ್ಲ. ತುಕ್ಕು ತಡೆಯುವ ಶಕ್ತಿಯ ಲೆಕ್ಕಕ್ಕೆ ಎಲ್ಲರೂ ಹಾಕುವ ಸೂತ್ರ ಇದೆ: ಕ್ರೋಮಿಯಂ, ಅದಕ್ಕೆ ಮಾಲಿಬ್ಡಿನಂನ 3.3 ಪಟ್ಟು, ಸಾರಜನಕದ 16 ಪಟ್ಟು ಕೂಡಿಸುವುದು. 316ಎಲ್ ಅದರಲ್ಲಿ 24ರ ಹತ್ತಿರ, 904ಎಲ್ 34ರ ಹತ್ತಿರ, 625 ಐವತ್ತರ ಮೇಲೆ. ಸಮುದ್ರದ ನೀರು ಇದ್ದಿದ್ದರೆ ಎರಡನೇ ಮಾತಿಲ್ಲದೆ 625 ಹಾಕುತ್ತಿದ್ದೆ.

ಬೇಡ ಅಂದದ್ದು ಮೂರು ಕಾರಣಕ್ಕೆ. ಈ ಲೈನಿನ ಮುಖ್ಯ ಶತ್ರು ಗಂಧಕಾಮ್ಲ, ಅಲ್ಲಿ ತಾಮ್ರದ ಬೆಲೆ ದೊಡ್ಡದು. 625ರಲ್ಲಿ ತಾಮ್ರ ಲೆಕ್ಕಕ್ಕಿಲ್ಲ. ಎರಡನೆಯದು, ಕಾರ್ಖಾನೆಯ ತಪಾಸಣೆಯವರು ಎಎಸ್ಎಂಇ ಸೆಕ್ಷನ್ 9ರ (ಬೆಸುಗೆಯ ಅರ್ಹತೆಯ ನಿಯಮ) ಪ್ರಕಾರ ಪ್ರೊಸೀಜರ್ ಕೇಳಿದ್ದರು. ಅದರಲ್ಲಿ ಪಿ ನಂಬರ್ ಅಂದರೆ ಪೈಪಿನ ಲೋಹದ ಗುಂಪು, ಎಫ್ ನಂಬರ್ ಅಂದರೆ ವೈರಿನ ಗುಂಪು. ಪಿ ನಂಬರ್ 45ರ ಪೈಪಿಗೆ ಎಫ್ ನಂಬರ್ 6ರ ವೈರಿನಲ್ಲಿ ಪಾಸಾದ ಪ್ರೊಸೀಜರ್ ಅವರ ಬಳಿಯೇ ಇತ್ತು. 625ರ ಎಫ್ ನಂಬರ್ 43. ಅದಕ್ಕೆ ಹೊಸದಾಗಿ ಟೆಸ್ಟ್ ಪೀಸ್, ಎಳೆತ, ಬಾಗಿಸುವಿಕೆ ಎಲ್ಲ ಮೊದಲಿನಿಂದ ಆಗಬೇಕು, ಶಟ್‌ಡೌನ್ ಸಿಕ್ಕಿದ್ದು ನಾಲ್ಕೇ ದಿನ. ಮೂರನೆಯದು ಕೈಯ ಮಾತು: 625 ಕರಗಿದ ಕೊಳ ಅಂಬಲಿಯ ಹಾಗೆ ಮಂದ, ನೂಕಿದಲ್ಲಿಗೆ ಹೋಗುವುದಿಲ್ಲ. ಮೊದಲ ಸಲ ಹಿಡಿಯುವವರು ಅದನ್ನು ಓಡಿಸಲು ಕರೆಂಟ್ ಏರಿಸುತ್ತಾರೆ, ಅದೇ ಇಲ್ಲಿ ಮಾಡಬಾರದ ಕೆಲಸ.

ಹೊಸಪೇಟೆ, ಬಳ್ಳಾರಿಯ ಅಂಗಡಿಗಳಲ್ಲಿ ಕೇಳಿದಲ್ಲೆಲ್ಲ 308, 309, 316 ಸಿಕ್ಕಿತು, 385 ಸಿಗಲಿಲ್ಲ. ಬೆಂಗಳೂರಿನಿಂದ 1.6 ಮಿ.ಮೀ. ವೈರಿನ 5 ಕಿಲೋ ಪ್ಯಾಕೆಟ್ ಬಸ್ಸಿನಲ್ಲಿ ಬಂತು. ಬೇಕಾಗಿದ್ದು ಅರ್ಧ ಕಿಲೋಗೂ ಕಡಿಮೆ.

ಟೆಸ್ಟ್ ರಿಂಗು, ಮತ್ತು ಚಾಚಾನ ಕೈ

ನಮ್ಮ ಹಿರಿಯ ವೆಲ್ಡರನ್ನು ಎಲ್ಲರೂ ಚಾಚಾ ಅಂತಲೇ ಕರೆಯುವುದು. ನಮ್ಮಪ್ಪನ ಕಾಲದಿಂದ ಇದ್ದವರು, ನನ್ನನ್ನು ಈಗಲೂ "ತಮ್ಮಾ" ಅನ್ನುತ್ತಾರೆ. ಅವರ ಕ್ಯಾಪಿಂಗ್ (ಬೆಸುಗೆಯ ಮೇಲಿನ ಕೊನೆಯ ಪದರ) ನೋಡಿದರೆ ಕಾಸು ಸಾಲಾಗಿ ಜೋಡಿಸಿಟ್ಟ ಹಾಗೆ ಇರುತ್ತದೆ. ಆ ಚಂದ ಬರುವುದು ಟಾರ್ಚನ್ನು ಎಡಕ್ಕೆ ಬಲಕ್ಕೆ ನೇಯುವುದರಿಂದ.

ಪೈಪು 4 ಇಂಚು, ಶೆಡ್ಯೂಲ್ 10ಎಸ್. ಹೊರ ಅಳತೆ 114.3 ಮಿ.ಮೀ., ಗೋಡೆ ಮೂರು ಮಿಲಿಮೀಟರಿಗೆ ಕೂದಲೆಳೆ ಜಾಸ್ತಿ. ಕಟಿಂಗ್ ತುಂಡಿನಲ್ಲಿ ಒಂದು ರಿಂಗು ಜೋಡಿಸಿ, 385 ವೈರು ಕೊಟ್ಟು, "ನಿಮ್ಮ ಪದ್ಧತಿಯಾಗನ ಹೊಡೀರಿ ಚಾಚಾ" ಅಂದೆ. ಸುತ್ತಳತೆ 359 ಮಿ.ಮೀ.; ಅವರು ಕ್ಯಾಪಿಗೆ ಏಳು ನಿಮಿಷ ತೆಗೆದುಕೊಂಡರು. 115 ಆಂಪ್, 12 ವೋಲ್ಟ್, ನಿಮಿಷಕ್ಕೆ 50 ಮಿ.ಮೀ. ಗುಣಿಸಿ ಭಾಗಿಸಿದರೆ ಪ್ರತಿ ಮಿಲಿಮೀಟರಿಗೆ 1.6 ಕಿಲೋಜೂಲ್ ದಾಟಿತು. ಡಿಪಿ (ಬಿರುಕು ತೋರಿಸುವ ಬಣ್ಣದ ಪರೀಕ್ಷೆ) ಹಾಕಿದೆವು: ಕೆಂಪು ಬಣ್ಣ ಹಚ್ಚಿ ಹತ್ತು ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಸ್ಪ್ರೇ. ಆರ್ಕ್ ನಿಲ್ಲಿಸಿದ ಮೂರು ಜಾಗದಲ್ಲಿ ಎರಡರಲ್ಲಿ ಅದೇ ಕೋಳಿ ಹೆಜ್ಜೆ, ಬಿಳಿಯ ಮೇಲೆ ರಕ್ತದ ಹಾಗೆ ಮೂಡಿತು.

ಚಾಚಾ ಬಹಳ ಹೊತ್ತು ನೋಡಿದರು. "ವೈರ್ ಖರಾಬ್ ಐತೇನಪಾ ತಮ್ಮಾ?"

"ವೈರು ಚಲೋ ಐತ್ರಿ. ಇದರಾಗ ಫೆರೈಟ್ ಇಲ್ರಿ, ಅದಕ್ಕ ಬಿಸಿ ತಡಕೊಳ್ಳಂಗಿಲ್ಲ."

ಎರಡನೇ ರಿಂಗಿಗೆ ಕರೆಂಟ್ 85ಕ್ಕೆ ಇಳಿಸಿದೆವು. ನೇಯುವುದು ಬಂದ್, ಒಂದೇ ಗೆರೆ, ಸ್ವಲ್ಪ ಉಬ್ಬಿದ ಮಣಿ. ತಗ್ಗಾದ, ಚಪ್ಪಟೆಯಾದ ಬೀಡು ನೋಡಲು ಚಂದ, ಆದರೆ ಕುಗ್ಗುವಾಗ ನಡುವೆ ಹರಿಯುತ್ತದೆ. ಉಬ್ಬಿದ್ದಕ್ಕೆ ಮಾಂಸ ಇರುತ್ತದೆ. ನಿಮಿಷಕ್ಕೆ 75 ಮಿ.ಮೀ. ಓಟ, 11 ವೋಲ್ಟ್, 0.75 ಕಿಲೋಜೂಲ್. ನಿಲ್ಲಿಸುವಾಗ ಕರೆಂಟ್ ನಿಧಾನಕ್ಕೆ ಇಳಿಯಬೇಕು, ಇಳಿಯುತ್ತಿರುವಾಗಲೇ ಇನ್ನೊಂದು ಹನಿ ವೈರು ಕೊಟ್ಟು ಕುಳಿ ತುಂಬಿ, ಆರ್ಕನ್ನು ಪಕ್ಕದ ಬೆವೆಲಿಗೆ (ಓರೆಯಾಗಿ ಕೊಯ್ದ ಅಂಚಿಗೆ) ಸರಿಸಿ ಬಿಡಬೇಕು, ಗ್ಯಾಸ್ ನಿಲ್ಲುವವರೆಗೆ ಟಾರ್ಚ್ ಅಲ್ಲೇ ಇರಬೇಕು. ಇಷ್ಟು ದಿನ ಟಕ್ ಅಂತ ಎತ್ತುತ್ತಿದ್ದ ಕೈಗೆ ಇದನ್ನು ಕಲಿಸಲು ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಮೂರನೇ ರಿಂಗಿನಲ್ಲಿ ಡಿಪಿ ಬೆಳ್ಳಗೆ ಉಳಿಯಿತು. "ಚಂದ ಕಾಣವಲ್ದು" ಅಂದರು ಚಾಚಾ. ನಿಜ, ಕಾಣುತ್ತಿರಲಿಲ್ಲ.

ಮೇ ತಿಂಗಳ ಪೈಪು

904ಎಲ್‌ಗೆ ಪ್ರೀಹೀಟ್ ಬೇಡ, ಪಾಸಿನಿಂದ ಪಾಸಿಗೆ (ಬೆಸುಗೆಯ ಒಂದು ಪದರದಿಂದ ಇನ್ನೊಂದಕ್ಕೆ) ಬಿಸಿ 100 ಡಿಗ್ರಿ ದಾಟಬಾರದು. ಮಧ್ಯಾಹ್ನ ಸೈಟಿನಲ್ಲಿ ಪೈಪ್ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತಿತ್ತು. ಆರ್ಕ್ ಹೊಡೆಯುವ ಮೊದಲೇ 58 ಡಿಗ್ರಿ. ಸಾಲದ್ದಕ್ಕೆ ಈ ಉಕ್ಕು ಬಿಸಿಯನ್ನು ಹಂಚುವುದರಲ್ಲಿ ಜಿಪುಣ, ಸಾಧಾರಣ ಉಕ್ಕಾದ ಎಂಎಸ್‌ನ ನಾಲ್ಕನೇ ಒಂದರಷ್ಟು ಮಾತ್ರ, ಹಿಗ್ಗುವುದರಲ್ಲಿ ಮಾತ್ರ ಎಂಎಸ್‌ಗಿಂತ ಮೂರನೇ ಒಂದರಷ್ಟು ಹೆಚ್ಚು. ಹಾಗಾಗಿ ರಾತ್ರಿ ಎಂಟರಿಂದ ಬೆಳಗಿನ ನಾಲ್ಕರವರೆಗೆ ಮಾತ್ರ ಕೆಲಸ ಅಂತ ನಿರ್ಧರಿಸಿದೆವು. ಬಿಸಿ ನೋಡಲು ಲೇಸರ್ ಗನ್ ನಂಬಬೇಡಿ. ಹೊಳೆಯುವ ಎಸ್ಎಸ್ ಮೇಲೆ ಅದು ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ನಾವು ಮೈಗೆ ಮುಟ್ಟಿಸುವ ಪ್ರೋಬ್ ಬಳಸಿದೆವು.

ಕೊಯ್ಯುವ ಮೊದಲಿನ ಕೆಲಸ ಇದಕ್ಕಿಂತ ಮುಖ್ಯ. ತೆಳು ಗಂಧಕಾಮ್ಲ ಕಬ್ಬಿಣಕ್ಕೆ ತಾಗಿದಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಖಾಲಿ ಮಾಡಿದ ಲೈನಿನ ಮೇಲ್ಭಾಗದಲ್ಲಿ ಅದು ಸುಮ್ಮನೆ ಕೂತಿರುತ್ತದೆ, ಗ್ರೈಂಡರಿನ ಒಂದು ಕಿಡಿ ಸಾಕು. ಸೋಡಾ ಬೂದಿ ನೀರಿನಲ್ಲಿ ತೊಳೆದು, ಎರಡೂ ತುದಿ ತೆಗೆದು ಗಾಳಿ ಹಾಯಿಸಿ, ಗ್ಯಾಸ್ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಗ್ರೈಂಡರ್ ಹಚ್ಚಿದ್ದು.

ನಮ್ಮ ಕಡೆಯ ಇನ್ನೊಂದು ಕಾಟ ಧೂಳು. ಸ್ಪಾಂಜ್ ಐರನ್ ಘಟಕಗಳ ಧೂಳಿನಲ್ಲಿ ಹಸಿ ಕಬ್ಬಿಣವೇ ಇರುತ್ತದೆ. ಎಸ್ಎಸ್ ಮೇಲೆ ಕೂತು, ವೀಲಿನ ಕೆಳಗೆ ಸಿಕ್ಕು ಒಳಕ್ಕೆ ಉಜ್ಜಿಹೋದರೆ ಒಂದೇ ಮಳೆಗೆ ತುಕ್ಕಿನ ಚುಕ್ಕೆ. ತಾಡಪತ್ರಿ ಕಟ್ಟಿ ಕೋಣೆಯ ಹಾಗೆ ಮಾಡಿದೆವು, ಗಾಳಿಗೆ ಆರ್ಗಾನ್ ಹಾರಿಹೋಗುವುದೂ ನಿಂತಿತು. ವೀಲು, ಬ್ರಷ್ಷು ಎಲ್ಲ ಹೊಸದು. ಎಂಎಸ್ ಮುಟ್ಟಿದ್ದು ಯಾವುದೂ ಒಳಗೆ ಬರುವಂತಿಲ್ಲ. ಅಂಚನ್ನು ಅಸಿಟೋನಿನಲ್ಲಿ ಒರೆಸಿದ ಮೇಲೆ ಬರಿಗೈ ತಾಗಿಸುವಂತಿಲ್ಲ.

ಒಟ್ಟು ಆರು ಜಾಯಿಂಟ್. ಜನವರಿಯ ಬೆಸುಗೆಯನ್ನು ಅಕ್ಕಪಕ್ಕದ ಪೈಪಿನ ಸಮೇತ ಕತ್ತರಿಸಿ ಬಿಸಾಡಿ, ನಡುವೆ ಹೊಸ ತುಂಡು ಹಾಕಿದ್ದರಿಂದ ಅಷ್ಟಾಯಿತು. ಬೆವೆಲ್ ಒಟ್ಟು 70 ಡಿಗ್ರಿ, ಗ್ಯಾಪ್ ಎರಡೂವರೆ ಮಿ.ಮೀ.; ಗ್ಯಾಪ್ ಬಿಗಿಯಾದರೆ ಪೈಪಿನ ಲೋಹವೇ ಹೆಚ್ಚು ಕರಗಿ ವೈರಿನ ಪಾಲು ಕಡಿಮೆಯಾಗುತ್ತದೆ. ಒಳಗೆ ಜಾಯಿಂಟಿನ ಎರಡೂ ಕಡೆ 300 ಮಿ.ಮೀ. ದೂರಕ್ಕೆ ನೀರಿನಲ್ಲಿ ಕರಗುವ ಕಾಗದದ ಅಡ್ಡ. ಅಡ್ಡಗಳ ನಡುವೆ ಹಿಡಿಯುವುದು ಐದೂವರೆ ಲೀಟರ್ ಗಾಳಿ. ಅದನ್ನು ಹತ್ತು ಸಲ ಬದಲಿಸುವಷ್ಟು ಆರ್ಗಾನ್ ಬೇಕು; ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಲೆಕ್ಕದಲ್ಲಿ ಐದಾರು ನಿಮಿಷ ಸಾಕು, ಟೇಪಿನ ಸಂದಿ ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಿತು. ಬಾಡಿಗೆಗೆ ತಂದ ಆಕ್ಸಿಜನ್ ಮೀಟರ್ ದಶಲಕ್ಷಕ್ಕೆ 50ರ ಕೆಳಗೆ ಇಳಿಯುವವರೆಗೆ ಚಾಚಾ ಹೆಲ್ಮೆಟ್ ಇಳಿಸಲಿಲ್ಲ. ಪರ್ಜಿಂಗಿಗೆ (ಒಳಗಿನ ಗಾಳಿ ಹೊರದಬ್ಬುವುದಕ್ಕೆ) ಇಷ್ಟು ಹಟ ಯಾಕೆಂದರೆ, ಒಳಗಿನ ರೂಟಿಗೆ (ಬೆಸುಗೆಯ ತಳಕ್ಕೆ) ಆಮೇಲೆ ಪಿಕ್ಲಿಂಗ್ ಪೇಸ್ಟ್ ಹಚ್ಚಲು ಕೈ ಹೋಗುವುದಿಲ್ಲ. ಅಲ್ಲಿ ಬಿಸಿ ಲೋಹಕ್ಕೆ ಗಾಳಿ ತಾಗಿ ನೀಲಿ ಬಂದರೆ ನೀಲಿಯೇ ಉಳಿಯುತ್ತದೆ, ನೀಲಿಯ ಕೆಳಗೆ ಕ್ರೋಮಿಯಂ ಬಡವಾಗಿರುತ್ತದೆ.

ಪೈಪಿನ ಕೆಳಗೆ ಒಂದು ಎಂಎಸ್ ಸಪೋರ್ಟ್ ಇತ್ತು, ಹಿಂದೆ ನೇರವಾಗಿ ಪೈಪಿಗೇ ಅಂಟಿಸಿದ್ದರು. ಅದನ್ನು ತೆಗೆದು, ಮೊದಲು 904ಎಲ್ ಪ್ಯಾಡನ್ನು 385ರಲ್ಲಿ ಪೈಪಿಗೆ ಹಾಕಿ, ಎಂಎಸ್ ಅನ್ನು 309ಎಲ್ ಮಾಲಿ ರಾಡಿನಲ್ಲಿ ಪ್ಯಾಡಿಗೆ ಹಾಕಿದೆವು. ಆ್ಯಸಿಡ್ ಇರುವ ಗೋಡೆಗೆ ಎಂಎಸ್ ಬೆರಕೆ ತಲುಪಬಾರದು, ಅಷ್ಟೇ.

ಹೊರಗಿನ ಬಣ್ಣ ತೆಗೆಯಲು ಪೇಸ್ಟ್ ಹಚ್ಚಿದ್ದು ಮರುದಿನ ಸಂಜೆ. ಬಿಸಿಲಿನಲ್ಲಿ ಹಚ್ಚಿದರೆ ಒಣಗಿ ಅಂಟಿಕೊಳ್ಳುತ್ತದೆ. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇದೆ. ಚರ್ಮಕ್ಕೆ ತಾಗಿದ ಕೂಡಲೇ ಉರಿಯದೆಯೂ ಇರಬಹುದು, ಆದರೆ ಎಲುಬಿನವರೆಗೂ ಇಳಿಯುತ್ತದೆ. ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಪಕ್ಕದಲ್ಲಿ ಇಲ್ಲದೆ ಡಬ್ಬಿಯ ಮುಚ್ಚಳ ತೆಗೆಯಲು ನಾನು ಬಿಡುವುದಿಲ್ಲ. ಹೆಲ್ಪರ್ ಹುಡುಗ "ಅಣ್ಣಾ, ಬರೇ ಒರಸಾಕ ಇಷ್ಟೆಲ್ಲಾ ಬೇಕಾ?" ಅಂದ. ಬೈದೆ, ಆಮೇಲೆ ಕೂರಿಸಿ ಹೇಳಿದೆ.

ಆ ಮೇಲೆ

ಮುಂದಿನ ಜಾತ್ರೆಯ ಹೊತ್ತಿಗೆ ಕಾರ್ಖಾನೆಗೆ ಎರಡು ದಿನದ ಶಟ್‌ಡೌನ್ ಇತ್ತು. ಫ್ಲ್ಯಾಂಜ್ ಬಿಚ್ಚಿ ಒಳಗೆ ಕ್ಯಾಮೆರಾ ಇಳಿಸಿದೆವು. ಐದು ಜಾಯಿಂಟಿನ ರೂಟು ಹಾಕಿದ ದಿನದ ಹಾಗೇ ಇತ್ತು, ವೈರಿನ ಅಲೆಗಳು ಎಣಿಸುವಷ್ಟು ಸ್ಪಷ್ಟ. ಐದನೇ ನಂಬರಿನದರಲ್ಲಿ ಮಾತ್ರ, ಕೆಳಭಾಗದಲ್ಲಿ, ಹೆಬ್ಬೆರಳುದ್ದದ ಮಬ್ಬು ಪಟ್ಟಿ. ಆ ರಾತ್ರಿ ಟೇಪ್ ಬಿಚ್ಚಿಕೊಂಡಿತ್ತು, ಮೀಟರ್ ಒಮ್ಮೆ ಜಿಗಿದಿತ್ತು; ಡೈರಿಯಲ್ಲಿ ಚಾಚಾ ಬರೆಸಿದ್ದರು. ಅಲ್ಲಿ ಮೇಲ್ಮೈ ಸ್ವಲ್ಪ ಒರಟು, ಆದರೆ ಹಳ್ಳ ಇಲ್ಲ. ಹೊರಗಿನಿಂದ ದಪ್ಪ ಅಳೆದರೆ ಪಕ್ಕದ ಪೈಪಿಗೂ ಅದಕ್ಕೂ ಹತ್ತನೇ ಒಂದು ಮಿಲಿಮೀಟರಿನ ವ್ಯತ್ಯಾಸವೂ ಇಲ್ಲ. ಕತ್ತರಿಸೋಣ ಅಂತ ನಾನು, ಬೇಡ ಅಂತ ಸಾಹೇಬರು. ಮಾರ್ಕರಿನಿಂದ ಸುತ್ತು ಹಾಕಿ, ಆರು ತಿಂಗಳಿಗೊಮ್ಮೆ ಅದೇ ಬಿಂದುವಿನಲ್ಲಿ ಅಳೆಯುವುದು ಅಂತ ಆಯಿತು.

ಉಳಿದ ನಾಲ್ಕೂವರೆ ಕಿಲೋ ವೈರು ಈಗ ಬೀಗ ಹಾಕಿದ ಕಪಾಟಿನಲ್ಲಿದೆ. ಒಂದೊಂದು ಕಡ್ಡಿಯ ತುದಿಗೂ ಚೀಟಿ ಕಟ್ಟಿದ್ದಾರೆ ಚಾಚಾ, ಕನ್ನಡದಲ್ಲಿ ಒಂದು ಕಡೆ, ಉರ್ದುವಿನಲ್ಲಿ ಇನ್ನೊಂದು ಕಡೆ: 385.